ಹಾಲಿನ ಲೆಕ್ಕ ಕೇಳಿದ ದಫೇದಾರರು

ಕೋಲಾರ, 31 ಆಗಸ್ಟ್ 2025, ಭಾನುವಾರ

"ಓದೇ ಬೇರೆ, ಪೊಲೀಸ್ ಕೆಲಸಾನೇ ಬೇರೆ. ಎಂಎಸ್ಸಿ ಮಾಡ್ಕೊಂಡು ಬಂದೋರಿಗೆ ಕಳ್ಳನ ಮುಖ ಓದೋಕೆ ಬರಲ್ಲ."

ಇವತ್ತು ಬೀಳ್ಕೊಡುಗೆ ಸಮಾರಂಭದಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದು ಹೀಗೆಂದಾಗ ಜೋರು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಹೊಸ ಕಾನ್ಸ್‌ಟೇಬಲ್‌ಗಳು ಮಾತ್ರ ಸುಮ್ಮನೆ ಕೂತಿದ್ದರು. ಸಿವಿಲ್ ಕಾನ್ಸ್‌ಟೇಬಲ್ ಆಗಲು ಪಿಯುಸಿ ಸಾಕು. ಆದರೆ ಆ ಸಾಲಿನಲ್ಲಿ ಬಿಕಾಂ, ಬಿಇ, ಎಂಎಸ್ಸಿ ಮಾಡಿದವರೇ ತುಂಬಿದ್ದರು. ನಿವೃತ್ತರಾಗಿ ಶಾಲು ಹೊದಿಸಿಕೊಂಡು ಕೂತಿದ್ದ ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಅವರನ್ನು ಹೊಗಳಲು ಈ ಮಕ್ಕಳನ್ನು ಹಳಿಯಬೇಕಾದ ಅಗತ್ಯವೇನಿತ್ತು? ಆ ಎಎಸ್‌ಐ ಕೂಡ ಆ ಮಾತಿಗೆ ತಲೆದೂಗಲಿಲ್ಲ. ಅದನ್ನು ನಾನು ಗಮನಿಸಿದೆ.

ನಾನು ಎಸ್ಸೆಸ್ಸೆಲ್ಸಿ ಓದಿ ಇಲಾಖೆಗೆ ಸೇರಿದವನು. ಸರ್ವಿಸಿನ ಬಹುಪಾಲು ಸ್ಟೇಷನ್ ರೈಟರ್, ಅಂದರೆ ಠಾಣೆಯ ಕಾಗದಪತ್ರ ಬರೆಯುವವನಾಗಿಯೇ ಕಳೆಯಿತು. ಕ್ರೈಂ ಸಿಬ್ಬಂದಿ ಬೀದಿಯಿಂದ ಏನೇ ಹಿಡಿದು ತಂದರೂ ಅದು ಕಾಗದವಾಗುವುದು ರೈಟರ್ ಮೇಜಿನ ಮೇಲೆ. ಹಾಗಾಗಿ ಚಾಲಾಕಿತನ ಎಲ್ಲಿ ಗೆಲ್ಲುತ್ತದೆ, ಎಲ್ಲಿ ನೆಲಕಚ್ಚುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ.

ಇವತ್ತು ನಿವೃತ್ತರಾದವರು ಆಗಿನ್ನೂ ಹೆಡ್ ಕಾನ್ಸ್‌ಟೇಬಲ್. ನಮ್ಮ ಬಾಯಲ್ಲಿ ದಫೇದಾರರು. ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ರಾತ್ರೋರಾತ್ರಿ ಎಚ್‌ಎಫ್ ತಳಿಯ ಸೀಮೆಹಸುವೊಂದು ಕೊಟ್ಟಿಗೆಯಿಂದ ಕಳುವಾಯಿತು. ಕರು ಹಾಕಿ ತಿಂಗಳೂ ತುಂಬಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹಸು ಹೋಯಿತೆಂದರೆ ಮನೆಗೆ ಬರುವ ಡೈರಿ ಬಟವಾಡೆಯೇ ನಿಂತಿತು. ಸಂಘದ ಸಾಲ, ಮಕ್ಕಳ ಫೀಸು ಎಲ್ಲ ಅದರಲ್ಲೇ ನಡೆಯಬೇಕು. ಆ ಹೆಣ್ಣುಮಗಳು ಅಳುತ್ತಾ ನಿಂತಿದ್ದಳು. ನಮ್ಮವರು ಆಂಧ್ರ ಗಡಿಯ ನಂಗಲಿ ದಾರಿಯ ಕ್ಯಾಮೆರಾ ನೋಡೋಣ, ಸಂತೆಗೆ ಆಳು ಕಳಿಸೋಣ ಎಂದು ಮಾತಾಡಿಕೊಳ್ಳುತ್ತಿದ್ದರು. ದಫೇದಾರರು ಮಾತ್ರ ಅವಳ ಹತ್ತಿರ ಹೋಗಿ, "ಹೊತ್ತಿಗೆ ಎಷ್ಟು ಕೊಡ್ತಿತ್ತಮ್ಮಾ?" ಎಂದು ಕೇಳಿದರು.

"ಒಂಬತ್ತು ಲೀಟರು ಸಾರ್."

ಬೈಕ್ ಹತ್ತಿ ಹೊರಟೇಬಿಟ್ಟರು. ಎಲ್ಲಿಗೆ ಅಂದರೆ, "ಹೊಸದಾಗಿ ಈದಿರೋ ಹಸ ಸಾ ಅದು. ಎರಡು ಹೊತ್ತು ಕರೀದೆ ಬಿಟ್ರೆ ಕೆಚ್ಚಲು ಬಾತ್ಕೊಳ್ತದೆ. ಕದ್ದೋನಾಗ್ಲಿ ಕೊಂಡೋನಾಗ್ಲಿ ಕರೀಲೇಬೇಕು. ಕರ್ದಿದ್ದು ಎಲ್ಲಿಗೋಗ್ತದೆ? ಡೈರಿಗೇ" ಎಂದರು. ಗಡಿ ಕಡೆಯ ಹಳ್ಳಿಗಳಲ್ಲಿ ನಾಲ್ಕೈದು ಡೈರಿ ಸುತ್ತುವಷ್ಟರಲ್ಲಿ ಒಬ್ಬ ಕಾರ್ಯದರ್ಶಿ ಬಾಯಿಬಿಟ್ಟ. ಹೊತ್ತಿಗೆ ಐದಾರು ಲೀಟರ್ ಹಾಕುತ್ತಿದ್ದ ಸದಸ್ಯನೊಬ್ಬ ಇದ್ದಕ್ಕಿದ್ದಂತೆ ಹದಿನಾಲ್ಕು ಹಾಕುತ್ತಿದ್ದಾನೆ! ಅವನ ಕೊಟ್ಟಿಗೆಗೆ ಹೋದರೆ ಹಸು ಅಲ್ಲೇ ಇತ್ತು. ಹನ್ನೆರಡು ಅಂಕಿಯ ಗುರುತಿನ ಕಿವಿಯೋಲೆ ಕಿತ್ತಿದ್ದರು, ತೂತು ಇನ್ನೂ ಹಸಿಯಾಗಿತ್ತು. ಹಸುವಿನ ಒಡತಿ ಬಂದು ಒಂದು ಸಲ ಕೂಗಿದ್ದಕ್ಕೆ ಅದು ಹಗ್ಗ ಜಗ್ಗಿತು.

ಈ ಬುದ್ಧಿಯನ್ನು ಯಾವ ಪಠ್ಯದಲ್ಲಿಟ್ಟು ಕಲಿಸಿದ್ದಾರೆ? ಎಲ್ಲೂ ಇಲ್ಲ. ಹಸು ಸಾಕಿದ ಮನೆಯಲ್ಲಿ ಹುಟ್ಟಿ, ಅದೇ ತಾಲ್ಲೂಕಿನಲ್ಲಿ ವರ್ಷಗಟ್ಟಲೆ ಬೀಟ್ ಮಾಡಿ, "ಪಾಲು ಎನ್ನಿ ಲೀಟರ್ಲು ಪೋಸ್ತಾವನ್ನಾ?" (ಹಾಲು ಎಷ್ಟು ಲೀಟರ್ ಹಾಕ್ತೀಯಣ್ಣಾ?) ಎಂದು ತೆಲುಗಿನಲ್ಲಿ ಸಲೀಸಾಗಿ ಕೇಳಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು.

ಈ ಕಥೆಯನ್ನು ಇವತ್ತು ವೇದಿಕೆಯ ಮೇಲೂ ಹೇಳಿದರು. ಆದರೆ ಹಸು ಸಿಕ್ಕಲ್ಲಿಗೆ ನಿಲ್ಲಿಸಿಬಿಟ್ಟರು. ರೈಟರ್ ಮೇಜಿನ ಮೇಲೆ ಕಥೆ ಆಗತಾನೇ ಶುರುವಾಗಿತ್ತು.

ಹಸು ಕೊಂಡವನು "ದಲ್ಲಾಳಿ ಕೊಟ್ಟ, ತಗೊಂಡೆ, ಕದ್ದಿದ್ದು ಅಂತ ಗೊತ್ತಿರಲಿಲ್ಲ" ಎಂದ. ದಲ್ಲಾಳಿ, "ನಾನು ಕೊಟ್ಟೇ ಇಲ್ಲ, ಅದು ಅವನ ಮನೇಲೇ ಹುಟ್ಟಿದ ಹಸ" ಎಂದ. ಅಲ್ಲಿಗೆ ಹಾಲಿನ ಲೆಕ್ಕವೇ ಮುಖ್ಯ ಸಾಕ್ಷಿಯಾಯಿತು. ಯಾವ ತಾರೀಕಿನಿಂದ ಹಾಲು ಹೆಚ್ಚಿತು ಎಂಬುದರ ಮೇಲೆ ಇಡೀ ಕೇಸು ನಿಂತಿತ್ತು. ಆ ಡೈರಿಯಲ್ಲಿ ಪುಸ್ತಕ ಇರಲಿಲ್ಲ, ಲೀಟರ್, ಫ್ಯಾಟ್ ಎಲ್ಲ ಯಂತ್ರದಲ್ಲೇ ದಾಖಲಾಗುತ್ತಿತ್ತು. ಕಾರ್ಯದರ್ಶಿ ಕೊಟ್ಟ ಪ್ರಿಂಟನ್ನು ಫೈಲಿಗೆ ಸೇರಿಸಲು ಹೊರಟಾಗ ತಡೆದವನು ಬಿಇ ಓದಿದ್ದ ಹೊಸ ಕಾನ್ಸ್‌ಟೇಬಲ್. "ಸಾರ್, 65ಬಿ ಸರ್ಟಿಫಿಕೇಟ್ ಇಲ್ದೆ ಇದು ಬರೀ ಕಾಗದ. 2020ರಲ್ಲಿ ಸುಪ್ರೀಂ ಕೋರ್ಟು ಅರ್ಜುನ್ ಪಂಡಿತ್‌ರಾವ್ ಕೇಸಲ್ಲಿ ಕಡ್ಡಾಯ ಅಂದಿದೆ" ಎಂದ. 65ಬಿ ಎಂದರೆ ಯಂತ್ರದಿಂದ ತೆಗೆದ ದಾಖಲೆಗೆ ದೃಢೀಕರಣ ಪತ್ರ ಕೇಳುತ್ತಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ ಕಲಮು. ಅವನೇ ಡೈರಿಗೆ ಹೋಗಿ, ಯಂತ್ರದ ವಿವರ ಬರೆದುಕೊಂಡು, ಕಾರ್ಯದರ್ಶಿಯಿಂದ ಸರ್ಟಿಫಿಕೇಟ್ ಮಾಡಿಸಿ ತಂದ. ನ್ಯಾಯಾಲಯದ ಪಾಟೀ ಸವಾಲಿನಲ್ಲಿ ಎದುರು ವಕೀಲರು ಮೊದಲು ಕೈ ಹಾಕಿದ್ದೇ ಆ ಹಾಲಿನ ಚೀಟಿಗೆ. ಸರ್ಟಿಫಿಕೇಟ್ ನೋಡಿ ಮುಂದಿನ ಪ್ರಶ್ನೆಗೆ ಹೋದರು. ಸಾಕ್ಷಿ ಹೇಳಲು ಹೋಗಿದ್ದ ನಾನು ಅದನ್ನು ಕಣ್ಣಾರೆ ಕಂಡೆ.

ಈಗ ಇದು ಇನ್ನೂ ಬಿಗಿಯಾಗಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಆ ಸರ್ಟಿಫಿಕೇಟಿಗೆ ಎರಡು ಭಾಗ. ಒಂದನ್ನು ದಾಖಲೆ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಜೊತೆಗೆ ಹ್ಯಾಶ್ ಮೌಲ್ಯ, ಅಂದರೆ ದಾಖಲೆ ತಿದ್ದಿಲ್ಲ ಎಂದು ತಾಳೆ ನೋಡುವ ಗುರುತು ಸಂಖ್ಯೆ, ಬರೆಯಬೇಕು. ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ, ಜಪ್ತಿಯನ್ನು ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಗೊತ್ತಿರುವ ಇಬ್ಬರು ಪಂಚರನ್ನು ಕರೆದು, ಮಹಜರಿಗೆ ಸಹಿ ಹಾಕಿಸಿ ಮುಗಿಸುತ್ತಿದ್ದ ಕಾಲ ಹೋಯಿತು, ಹೋದದ್ದೇ ಒಳ್ಳೆಯದಾಯಿತು.

ಇನ್ನು ಕಹಿಯಾದ ಒಂದು ಮಾತು. "ಅನುಭವ" ಎಂದು ಎದೆ ತಟ್ಟಿಕೊಳ್ಳುವವರಲ್ಲಿ ಕೆಲವರ ಬಂಡವಾಳ ಬರೀ ಲಾಠಿ. "ನಮ್ಮ ಕಾಲದಲ್ಲಿ ಎರಡು ಬಿಟ್ರೆ ಎಲ್ಲ ಕಕ್ತಿದ್ದ" ಎನ್ನುತ್ತಾರೆ. ಕಕ್ಕಿದ್ದನ್ನು ಬರೆದವನು ನಾನು. ಸ್ವಇಚ್ಛಾ ಹೇಳಿಕೆ ಎಂಬ ತಲೆಬರಹದಡಿ ಬರೆದ ಆ ಪುಟಗಳಿಗೆ ನ್ಯಾಯಾಲಯದಲ್ಲಿ ಏನು ಗತಿ ಎಂದು ಆ ಹಿರಿಯರಿಗೂ ಗೊತ್ತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮೇ ಹೇಳಿತ್ತು. ಅಂದರೆ ನಮ್ಮನ್ನು ಆಳುತ್ತಿದ್ದ ಬ್ರಿಟಿಷರಿಗೇ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ! ಹೊಸ ಕಾಯ್ದೆಯ 23ನೇ ಕಲಮಿನಲ್ಲೂ ಅದೇ ಉಳಿದಿದೆ. ಆರೋಪಿಯ ಮಾತಿನಿಂದ ಏನಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ. ಹೊಡೆದು ಬರೆಸಿದ ಹೇಳಿಕೆ ಕೇಸನ್ನು ಉಳಿಸುವುದಿಲ್ಲ, ಒಬ್ಬ ಮನುಷ್ಯನನ್ನು ಹಾಳು ಮಾಡುತ್ತದೆ, ಕೆಲವೊಮ್ಮೆ ಕೊಂದೇ ಹಾಕುತ್ತದೆ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಸುದ್ದಿ ಓದಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದರಿಂದಲೇ 1996ರಲ್ಲಿ ದಸ್ತಗಿರಿಯ ನಿಯಮಗಳು ಬಂದವು. ಆ ನಿಯಮಗಳ ಫಲಕ ಠಾಣೆಯ ಗೋಡೆಯ ಮೇಲಿದ್ದರೂ ಕಣ್ಣೆತ್ತಿ ಓದದವರಿದ್ದಾರೆ.

ನಮ್ಮ ದಫೇದಾರರು ಕೈ ಎತ್ತಿದವರಲ್ಲ. ಟೀ ತರಿಸಿಕೊಟ್ಟು, ಊರು ಕೇರಿ ವಿಚಾರಿಸುತ್ತಾ ಕೂರುವರು. ಬೈಕ್ ಕಳುವಾಯಿತು ಎಂದು ಬಂದವನು ಕೀಲಿಯ ವಿಷಯ ಬಿಟ್ಟು ಮೊದಲು ಇನ್ಶೂರೆನ್ಸ್ ಕಾಗದ ಚಾಚಿದರೆ ಅವರ ಹುಬ್ಬು ಮೇಲೇರುತ್ತಿತ್ತು. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ರಾತ್ರಿಯೆಲ್ಲ ಯಾರ್ಡಿನಲ್ಲೇ ಇರುತ್ತಿದ್ದರು. ಯಾವ ಹಮಾಲಿ ಯಾವ ಮಂಡಿಯವನು, ಯಾವ ಡ್ರೈವರ್ ಹೊಸ ಮುಖ ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ಇದನ್ನು ಬೀದಿಬುದ್ಧಿ ಎಂದು ಕರೆದು ಓದಿನ ಎದುರಿಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ನೋಡುವುದು, ನೆನಪಿಡುವುದು, ಒಂದಕ್ಕೊಂದು ತಾಳೆ ಹಾಕುವುದು ಕೂಡ ಓದೇ.

ಹಾಗಾದರೆ ಈ ಜಗಳ ಎಲ್ಲಿಂದ ಬಂತು? ನನ್ನ ಅನಿಸಿಕೆಯಲ್ಲಿ ಗೋಡೆ ಎದ್ದದ್ದು ವೈಸ್‌ರಾಯ್ ಕರ್ಜನ್ ಕಾಲದಲ್ಲಿ. 1902ರಲ್ಲಿ ನೇಮಿಸಿದ ಫ್ರೇಸರ್ ಪೊಲೀಸ್ ಆಯೋಗ, ಓದಿದವರನ್ನು ನೇರವಾಗಿ ಸಬ್ ಇನ್‌ಸ್ಪೆಕ್ಟರ್ ಮಾಡಿ, ಕಾನ್ಸ್‌ಟೇಬಲ್‌ಗಳಿಗೆ ಹೇಳಿದಷ್ಟು ಮಾಡುವ ಯಾಂತ್ರಿಕ ಕೆಲಸ ಮಾತ್ರ ಸಾಕು ಎಂದಿತು. ಅಂದಿನಿಂದ ತಲೆ ಕುರ್ಚಿಯ ಮೇಲೆ, ಕಾಲು ಬೀದಿಯಲ್ಲಿ. ಆಗ ಕಾನ್ಸ್‌ಟೇಬಲ್‌ಗೆ ಓದು ಬರುತ್ತಿರಲಿಲ್ಲ, ಸರಿ. ಈಗ ಎಂಎಸ್ಸಿ ಹುಡುಗಿ ಸೆಂಟ್ರಿ ಡ್ಯೂಟಿಯಲ್ಲಿ ನಿಂತಿದ್ದಾಳೆ. ಅವಳ ಓದನ್ನು ಬಳಸಿಕೊಳ್ಳಲು ನಮಗೆ ಬಾರದಿದ್ದರೆ ಅದು ಅವಳ ಕೊರತೆಯೇ?

ಊಟದ ಹೊತ್ತಿಗೆ ಆ ಹುಡುಗಿ ನನ್ನ ಪಕ್ಕ ಬಂದು ಕೂತಳು. ವಿಜಯಪುರ ಕಡೆಯವಳು, ಈಗ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆಯಲ್ಲಿ ಕೆಲಸ. "ಅಪ್ಪಾರ, ರೊಕ್ಕ ಯಾವ ಖಾತೆಯಿಂದ ಯಾವ ಖಾತೆಗೆ ಹೋತು ಅಂತ ನಾ ಅರ್ಧ ತಾಸಿನ್ಯಾಗ ತಗೀತೀನ್ರಿ. ಆದ್ರ ಖಾತೆದಾರನ ಮನಿಗೆ ಹೋದ್ರ ಅವನವ್ವ ತೆಲಗನ್ಯಾಗ ಮಾತಾಡ್ತಾಳ, ನನಗ ಒಂದೂ ತಿಳಿಯಂಗಿಲ್ರಿ" ಎಂದಳು. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಕಿತ್ತ ದುಡ್ಡು ಮೊದಲು ಬೀಳುವುದು ಇಂಥ ಬಡ ಹುಡುಗರ ಖಾತೆಗೆ. ಒಂದಿಷ್ಟು ಸಾವಿರಕ್ಕೆ ಪಾಸ್‌ಬುಕ್ಕು, ಸಿಮ್ಮು ಮಾರಿಕೊಂಡಿರುತ್ತಾರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದರೆ ದುಡ್ಡು ತಡೆಯಬಹುದು. ಆದರೆ ಆ ಖಾತೆ ಕೊಂಡವನು ಯಾರು, ಯಾವ ಟೀ ಅಂಗಡಿಯಲ್ಲಿ ಕೂತು ವ್ಯವಹಾರ ಕುದುರಿಸಿದ ಎಂಬುದು ಸ್ಕ್ರೀನಿನಲ್ಲಿ ಕಾಣುವುದಿಲ್ಲ. ಆ ತಾಯಿಯ ಜಗುಲಿಯ ಮೇಲೆ ಕೂತು ಕೇಳಬೇಕು. ತೆಲುಗಿನಲ್ಲಿ ಕೇಳಬೇಕು. ಕೆಜಿಎಫ್ ಕಡೆಯಾದರೆ ತಮಿಳಿನಲ್ಲಿ.

ಅವಳನ್ನು ಎಬ್ಬಿಸಿಕೊಂಡು ಹೋಗಿ ದಫೇದಾರರ ಮುಂದೆ ಕೂರಿಸಿದೆ. ಊಟ ಮುಗಿದು ಶಾಮಿಯಾನ ಬಿಚ್ಚುವವರೆಗೂ ಇಬ್ಬರೂ ಮಾತಾಡುತ್ತಲೇ ಇದ್ದರು. ಅವಳು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು.

ನನ್ನ ಸಿಟ್ಟಿಗೆ ಅಸಲು ಕಾರಣ ಇದು. ಹಾರ, ಫಲತಾಂಬೂಲ, ಗೋಡೆ ಗಡಿಯಾರ ಕೊಟ್ಟು ಅವರನ್ನು ಮನೆಗೆ ಕಳಿಸಿದೆವು. ಅವರಿಗೆ ಗೊತ್ತಿದ್ದದ್ದನ್ನು ಇಲಾಖೆ ಒಂದು ಪುಟದಲ್ಲೂ ಬರೆದಿಟ್ಟುಕೊಂಡಿಲ್ಲ. ತರಬೇತಿ ಶಾಲೆಯಲ್ಲಿ ಕವಾಯತು ಇದೆ, ಕಾನೂನಿನ ಪಾಠ ಇದೆ. ಇಂಥವರನ್ನು ಗೌರವಧನ ಕೊಟ್ಟು ಕರೆಸಿ, ನಿಜವಾದ ಕೇಸುಗಳನ್ನು ಅವರ ಬಾಯಿಂದಲೇ ಹೇಳಿಸಿ, ಪಕ್ಕದಲ್ಲೇ ಒಬ್ಬ ಸರ್ಕಾರಿ ವಕೀಲರನ್ನು ಕೂರಿಸಿ, ಆ ಕೇಸು ಕೋರ್ಟಿನಲ್ಲಿ ಎಲ್ಲಿ ನಿಂತಿತು, ಎಲ್ಲಿ ಬಿತ್ತು ಎಂದು ವಿವರಿಸಿದರೆ ಆ ಒಂದು ತರಗತಿ ಎಷ್ಟೋ ಪುಸ್ತಕಕ್ಕೆ ಸಮ. ಬೇರೆ ಜಿಲ್ಲೆಯಿಂದ ಬರುವವರಿಗೆ ಆಯಾ ಊರಿನ ಭಾಷೆ ಕಲಿಸುವ ಏರ್ಪಾಡೂ ಬೇಕು. ಬೀಟ್ ಸಿಬ್ಬಂದಿಗೆ ಊರು ಪರಿಚಯವಾಗುವ ಹೊತ್ತಿಗೆ ಎತ್ತಂಗಡಿ ಮಾಡುವುದು ನಿಲ್ಲಬೇಕು.

ತರಬೇತಿ ವಿಭಾಗಕ್ಕೆ ಇದನ್ನೇ ಮನವಿಯಾಗಿ ಬರೆಯುತ್ತಿದ್ದೇನೆ. ದಫೇದಾರರು ಪಾಠ ಮಾಡಲು ಒಪ್ಪಿದ್ದಾರೆ. ನಿವೃತ್ತ ಸಿಬ್ಬಂದಿಯಲ್ಲಿ ಹೀಗೆ ಬರಲು ಮನಸ್ಸಿರುವವರು ತಿಳಿಸಿದರೆ ಅವರ ಹೆಸರನ್ನೂ ಸೇರಿಸಿ ಕಳಿಸುತ್ತೇನೆ.