ಕೆಂಪು ಮುಗಿದು ಕಪ್ಪು ಶುರುವಾಗುವ ಕಡೆ

ಇವತ್ತು ಪ್ಯಾರಿಸ್ಸಿನ ಒಂದು ಸಣ್ಣ ಗ್ಯಾಲರಿಯಲ್ಲಿ ಚಿತ್ರ ಕಲಾವಿದೆ ಸೋನಿಯಾ ಡೆಲೋನೆಯವರ ಬಣ್ಣದ ಲಿಥೋಗ್ರಾಫ್, ಅಂದ್ರೆ ಕಲ್ಲಚ್ಚಿನ ಚಿತ್ರ ನೋಡಿದೆ.

ಅರ್ಧ ವೃತ್ತಗಳು. ಕೆಂಪು, ಕಪ್ಪು, ದಟ್ಟ ನೀಲಿ. ಅಷ್ಟೇ. ಆದರೂ ಕಾಲು ಕೀಳಲು ಮನಸ್ಸೇ ಬರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಕೆಂಪು ಮುಗಿದು ಕಪ್ಪು ಶುರುವಾಗುವ ಕಡೆ, ಕೂದಲೆಳೆಯಷ್ಟು ಜಾಗದಲ್ಲಿ ಒಂದು ಬಣ್ಣ ಇನ್ನೊಂದರ ಮೇಲೆ ಹತ್ತಿಕೊಂಡಿದೆ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಇಲ್ಲವೇ ಸತುವಿನ ತಗಡು. ಜಿಡ್ಡಿನ ಕಡ್ಡಿಯಲ್ಲಿ ಬಿಡಿಸಿ ನೀರು ಸವರುತ್ತಾರೆ. ಶಾಯಿ ಜಿಡ್ಡಿಗೆ ಮಾತ್ರ ಅಂಟುತ್ತದೆ. ಪ್ರತಿ ಬಣ್ಣಕ್ಕೂ ಅದೇ ಹಾಳೆ ಮತ್ತೆ ಪ್ರೆಸ್ಸಿಗೆ ಹೋಗಬೇಕು, ಚೂರೂ ಸರಿಯದ ಹಾಗೆ. ಎಂಥ ತಾಳ್ಮೆ ಅಲ್ವಾ!

ಕೆಳಗೆ ಪೆನ್ಸಿಲ್ಲಿನಲ್ಲಿ 48/75. ಅಂದ್ರೆ 75 ಪ್ರತಿಗಳಲ್ಲಿ 48ನೆಯದು. ಇನ್ನೊಂದು ಮೂಲೆಯಲ್ಲಿ ಸಹಿ. ಕೊಳ್ಳುವವರಿಗೆ ಇವೆರಡೇ ಮುಖ್ಯ. ನನಗೆ ಆ ಕೂದಲೆಳೆಯೇ ಜಾಸ್ತಿ ಇಷ್ಟವಾಯಿತು. ಅಚ್ಚು ಹಾಕಿದವರ ಕೈ ಅಲ್ಲಿ ಕಾಣುತ್ತದೆ. ಅವರ ಹೆಸರು ಹಾಳೆಯಲ್ಲಿ ಎಲ್ಲೂ ಇಲ್ಲ.

1911ರಲ್ಲಿ ಸೋನಿಯಾ ತಮ್ಮ ಪುಟ್ಟ ಮಗನಿಗೆ ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿದಿದ್ದರು. ಥೇಟ್ ನಮ್ಮ ಕೌದಿ. ಅದೀಗ ಪ್ಯಾರಿಸ್ಸಿನ ಪಾಂಪಿಡೂ ಕಲಾಕೇಂದ್ರದ ಸಂಗ್ರಹದಲ್ಲಿದೆ. ಅವರ ಬಣ್ಣದಾಟ ಶುರುವಾಗಿದ್ದೇ ಅಲ್ಲಿಂದ ಅಂತ ನನಗನ್ನಿಸುತ್ತದೆ. 1964ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಲೂವ್ರ್ ಮ್ಯೂಸಿಯಮ್ಮಿನಲ್ಲೇ ಅವರ ಪ್ರದರ್ಶನ ನಡೆಯಿತು. ಆಗ ಅವರಿಗೆ ಎಂಬತ್ತರ ಹತ್ತಿರ. ಲಿಥೋಗ್ರಾಫ್ ಕೆಲಸ ಆಮೇಲೂ ನಿಲ್ಲಲಿಲ್ಲ.