ಸೊನ್ನೆ ಗೆರೆ ಸಿಕ್ಕಿದ್ದು ಕಸದ ಡಬ್ಬಿ ಪಕ್ಕ

ಲಂಡನ್‌ನಲ್ಲಿ ಐದು ದಿನ ಇದ್ದೆ. ನಾಲ್ಕು ದಿನದ್ದು ಬಿಡಿ, ಎಲ್ಲರೂ ನೋಡುವುದನ್ನೇ ನಾನೂ ನೋಡಿದೆ. ಬರೆಯಬೇಕು ಅನ್ನಿಸಿದ್ದು ಗ್ರೀನಿಚ್ ಬಗ್ಗೆ, ಸೊನ್ನೆ ಡಿಗ್ರಿ ರೇಖಾಂಶದ ಗೆರೆ ಇರುವ ಜಾಗ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ರೇಖಾಂಶ ನೋಡೋಕೆ ಹೊರಟವನು ಜಾಗದ ಹೆಸರು ಹಾಕಿ ಹುಡುಕುವುದಾ ಅಂತ ಜಂಬ ಬಂತು. ಟ್ಯಾಕ್ಸಿ ಹತ್ತಿ ಮ್ಯಾಪಿಗೆ ಅಂಕಿಗಳನ್ನೇ ಕೊಟ್ಟೆ. ಗೆರೆ ಇರುವ ಅಲ್ಲಿನ ಖಗೋಳ ವೀಕ್ಷಣಾಲಯ ಇರುವುದು 51 ಡಿಗ್ರಿ 28 ಮಿನಿಟ್ ಉತ್ತರದಲ್ಲಿ. ನಾನು ಒತ್ತಿದ್ದು 51.28. ಡಿಗ್ರಿಗೆ 60 ಮಿನಿಟ್, ನೂರಲ್ಲ! 28ನ್ನು 60ರಿಂದ ಭಾಗಿಸಿ 51.47 ಅಂತ ಹಾಕಬೇಕಿತ್ತು. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್, ಹಾಗಾಗಿ ನಾನು ಹೋಗಿ ಇಳಿದಿದ್ದು 22 ಕಿಲೋಮೀಟರ್ ದಕ್ಷಿಣಕ್ಕೆ, ಯಾವುದೋ ಹೊಲದ ಬೇಲಿ ಹತ್ತಿರ. ಡ್ರೈವರ್ ಒಂದು ಮಾತೂ ಆಡಲಿಲ್ಲ, ಮೀಟರ್ ಮಾತ್ರ ಓಡುತ್ತಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊನೆಗೂ ಗುಡ್ಡ ಹತ್ತಿ, ಟಿಕೆಟ್ ತೆಗೆದುಕೊಂಡು ಅಂಗಳಕ್ಕೆ ಹೋದರೆ ಗೆರೆಯ ಎರಡೂ ಕಡೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವವರ ದೊಡ್ಡ ಸಾಲು. ನನಗೆ ಅದು ಸ್ವಲ್ಪ ಮಕ್ಕಳಾಟ ಅನ್ನಿಸಿತು, ಆದರೂ ನಿಂತೆ. ನನ್ನ ಸರದಿ ಬಂದಾಗ ಮೊಬೈಲ್ ನೋಡಿದೆ. ಸೊನ್ನೆ ಇಲ್ಲ! 5 ಸೆಕೆಂಡ್ ಪಶ್ಚಿಮ ಅಂತ ತೋರಿಸುತ್ತಿದೆ (ಇದು ಹೊತ್ತಿನ ಸೆಕೆಂಡ್ ಅಲ್ಲ, ಡಿಗ್ರಿಯ ಮಿನಿಟ್‌ನಲ್ಲಿ 60ನೇ ಒಂದು ಪಾಲು).

ಅಲ್ಲೇ ಇದ್ದ ವಯಸ್ಸಾದ ಸಿಬ್ಬಂದಿಯೊಬ್ಬರಿಗೆ ತೋರಿಸಿ, "ಇದು ಕೆಟ್ಟಿದೆಯಾ?" ಅಂತ ಕೇಳಿದೆ. ನಕ್ಕರು. "ಮೊಬೈಲ್ ಸರಿಯಾಗಿದೆ, ಗೆರೆಯೂ ಸರಿಯಾಗಿದೆ" ಅಂದರು.

"ಅದು ಹೇಗೆ ಸಾರ್?"

ಅವರು ಬಿಡಿಸಿ ಹೇಳಿದರು. ಈ ಗೆರೆ ಹಾದುಹೋಗುವುದು ಇಲ್ಲಿನ ಒಂದು ದೂರದರ್ಶಕದ ನಡುವೆ. 1851ರಲ್ಲಿ ವೀಕ್ಷಣಾಲಯದ ಮುಖ್ಯಸ್ಥ ಜಾರ್ಜ್ ಏರಿ ಅದನ್ನು ಕೂರಿಸಿದಾಗ ಮಟ್ಟ ಮಾಡಿದ್ದು ಪಾದರಸದ ಬಟ್ಟಲು ನೋಡಿಕೊಂಡು. ಪಾದರಸ ಮಟ್ಟವಾಗಿ ನಿಲ್ಲುವುದು ಆ ಜಾಗದ ಗುರುತ್ವಕ್ಕೆ ತಕ್ಕಂತೆ. ಭೂಮಿಯ ಒಳಗೆ ಎಲ್ಲಾ ಕಡೆ ಒಂದೇ ತೂಕ ಇಲ್ಲವಲ್ಲ, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೂ ಅದು ನೇರ ಭೂಮಿಯ ಕೇಂದ್ರದ ಕಡೆಗೇ ತೋರಿಸುವುದಿಲ್ಲ, ಒಂದು ಕೂದಲೆಳೆಯಷ್ಟು ವಾಲಿರುತ್ತದೆ. ಮೊಬೈಲಿಗೆ ಜಾಗ ತಿಳಿಸುವ ಉಪಗ್ರಹಗಳು ಲೆಕ್ಕ ಹಿಡಿಯುವುದು ಕೇಂದ್ರದಿಂದ. ಆ ವಾಲಿಕೆಯೇ ನೆಲದ ಮೇಲೆ, ಈ ಗೆರೆಗೂ ಮೊಬೈಲಿನ ಸೊನ್ನೆಗೂ ನಡುವೆ, 102 ಮೀಟರ್ ಆಗಿದೆ.

"ಹಾಗಾದರೆ ನಿಜವಾದ ಸೊನ್ನೆ ಯಾವುದು?" ಅಂದೆ. "ಭೂಮಿಗೆ ಸಮಭಾಜಕ ಇದೆ, ಅಕ್ಷಾಂಶದ ಸೊನ್ನೆ ಅಲ್ಲೇ. ರೇಖಾಂಶಕ್ಕೆ ಅಂಥದ್ದೇನಿದೆ? 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡಿದರು. 22 ದೇಶ ಇಲ್ಲಿಗೆ ಅಂದವು. ಫ್ರಾನ್ಸ್ ಮತ ಹಾಕಲೇ ಇಲ್ಲ."

ಶಾಲೆಯಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಬಾಯಿಪಾಠ ಮಾಡಿದ್ದೆ. ಒಂದು ಭೂಮಿ ಕೊಟ್ಟಿದ್ದು, ಇನ್ನೊಂದು ಓಟು ಹಾಕಿ ತಂದಿದ್ದು ಅಂತ ಯಾರೂ ಹೇಳಿರಲಿಲ್ಲ.

ಒಳಗೆ, ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯೋಕೆ ಹ್ಯಾರಿಸನ್ ಅನ್ನುವವರು ಮಾಡಿದ ಗಡಿಯಾರಗಳಿವೆ, ಚೆನ್ನಾಗಿವೆ, ಆದರೆ ನನ್ನ ತಲೆಯೆಲ್ಲಾ ಆ 102 ಮೀಟರ್ ಮೇಲೇ ಇತ್ತು. ಹೊರಗೆ ಬಂದು ಮೊಬೈಲ್ ಹಿಡಿದು ಪಾರ್ಕಿನಲ್ಲಿ ಪೂರ್ವಕ್ಕೆ ನಡೆದೆ. ಐದು, ಮೂರು, ಒಂದು. ಸೊನ್ನೆ ಬಂದಿದ್ದು ಒಂದು ಕಾಲುದಾರಿಯಲ್ಲಿ, ಕಸದ ಡಬ್ಬಿ ಪಕ್ಕ. ಗೆರೆ ಇಲ್ಲ, ಫಲಕ ಇಲ್ಲ. ನಾನು ಅಲ್ಲಾಡದೆ ನಿಂತಿದ್ದರೂ ಅಂಕಿ ಪೂರ್ವ, ಪಶ್ಚಿಮ, ಪೂರ್ವ ಅಂತ ಬದಲಾಗುತ್ತಲೇ ಇತ್ತು. ನಾಯಿ ಹಿಡಿದು ಬಂದ ಹೆಂಗಸೊಬ್ಬರು "ಏನಾದರೂ ಕಳೆದುಕೊಂಡಿರಾ?" ಅಂತ ಕೇಳಿದರು.