ಕಂಬಳಿ ಹಂಚುವ ಮೊದಲು

ಕಲಬುರಗಿ ದಾಸೋಹದ ಊರು, ಕೊಡುವ ಕೈಗಳಿಗೆ ಇಲ್ಲಿ ಬರವಿಲ್ಲ. ಆದರೆ ದಾನ ಬರುವುದು ಜಾತ್ರೆಗೆ, ಹಬ್ಬಕ್ಕೆ. ಒಣಬೇಸಾಯದ ಮನೆಗೆ ದುಡ್ಡು ಬೇಕಾಗುವುದು ಜೂನ್‌ನಲ್ಲಿ. ಆಗ ಬೀಜ, ಗೊಬ್ಬರಕ್ಕೆ ತಂದ ಕೈಸಾಲಕ್ಕೆ ತೊಗರಿ ರಾಶಿಯಾಗುವ ತನಕ ಬಡ್ಡಿ ಬೆಳೆಯುತ್ತದೆ. ನಡುವೆ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದರೆ, ಮುಂಗಡ ಹಿಡಿದು ಬೆಂಗಳೂರಿಗೋ ಪುಣೆಗೋ ಗುಳೆ. ಚಳಿಗಾಲದ ಕಂಬಳಿ ಇದರಲ್ಲಿ ಯಾವುದನ್ನೂ ತಡೆಯುವುದಿಲ್ಲ.

ಕಂಬಳಿಯ ಬದಲು ತೊಗರಿ ಬೀಜವನ್ನೇ ಕೊಡಿ. ಎಕರೆಗೆ 4–5 ಕಿಲೊ ಸಾಕು. ನೆಟೆ ತಡೆಯುವ ಟಿಎಸ್-3ಆರ್ ತಳಿ ಇರಲಿ, ಕಿಲೊಗೆ 4 ಗ್ರಾಂ ಟ್ರೈಕೊಡರ್ಮಾ (ರೋಗದ ಶಿಲೀಂಧ್ರ ತಡೆಯುವ ಜೈವಿಕ ಪುಡಿ) ಹಚ್ಚಿ ನೆರಳಲ್ಲಿ ಆರಿಸಿರಬೇಕು. ಮಳೆ ಬಿದ್ದ ಮೇಲೆ ಹಂಚಿದರೆ ಉಪಯೋಗವಿಲ್ಲ. ಅಷ್ಟರಲ್ಲಿ ಸಾಲ ಆಗಿಹೋಗಿರುತ್ತದೆ.

ಇನ್ನೊಂದು ದಾನಕ್ಕೆ ಫೋಟೊ ತೆಗೆಸಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ: ಕಾಗದ ಸರಿಮಾಡಿಸುವುದು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಎಷ್ಟೋ ಸಲ ನಿಲ್ಲುವುದು ಸಣ್ಣ ಕಾರಣಕ್ಕೆ. ರೇಷನ್ ಕಾರ್ಡಿನಲ್ಲಿ ‘ಶರಣಮ್ಮ’, ಆಧಾರ್‌ನಲ್ಲಿ ‘ಶರಣವ್ವ’. ಮೊದಲು ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಆಮೇಲೆ ಇ-ಕೆವೈಸಿ, ಅಂದರೆ ಬೆರಳಚ್ಚು ಕೊಟ್ಟು ಆಧಾರ್ ಮೂಲಕ ಗುರುತು ಖಚಿತಪಡಿಸುವುದು. ಕೊನೆಗೆ ಬ್ಯಾಂಕ್: ಖಾತೆಗೆ ಆಧಾರ್ ಕೊಟ್ಟರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಆ ಆಧಾರ್‌ಗೆ ಬರುವ ಸರ್ಕಾರಿ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಎಂಬುದು ದಾಖಲಾಗಿರಬೇಕು. ಎರಡು ಖಾತೆ ಇದ್ದರೆ ದುಡ್ಡು ಕೊನೆಯದಾಗಿ ಮ್ಯಾಪ್ ಆದ ಬ್ಯಾಂಕಿಗೆ ಹೋಗುತ್ತದೆ. ‘ಬಂದಿಲ್ರೀ’ ಅನ್ನುವವರ ಹಳೇ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಹಾಕಿಸಿ ನೋಡಿ. ಗುಳೆ ಹೋಗುವ ಮುಂಚೆಯೇ ಇದೆಲ್ಲ ಮುಗಿಸಬೇಕು, ಬೆರಳಚ್ಚಿಗೆ ಮನೆಯೊಡತಿ ಊರಲ್ಲೇ ಇರಬೇಕಲ್ಲ.